ಗ್ರಾಫಿಕ್ಸ್ ಕಾರ್ಡಿಗೊಂದು ನಿಂಬೆಹಣ್ಣು

ಮಾನಿಟರಿನ ಹಿಂದಿನಿಂದ ಹೊಗೆ ಎದ್ದಿತು. ಹಳೆಯ ಅಗ್ಗದ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ಇನ್ನೂ ಕೈ ತೊಳೆದಿರಲಿಲ್ಲ. ಇಷ್ಟು ದಿನ ಮುಗ್ಗರಿಸುತ್ತಿದ್ದ ಬೇಸಾಯದ ಆಟ ಅಂದೇ ಮೊದಲು ಸಲೀಸಾಗಿ ಓಡುತ್ತಿತ್ತು. ಪರದೆಯ ಮೇಲೆ ಟ್ರ್ಯಾಕ್ಟರ್ ಮೊದಲ ಸಾಲು ಹೊಡೆಯುತ್ತಿತ್ತು. ಕಾರ್ಡ್ ಸುಟ್ಟೇಹೋಯಿತೆಂದು ಪ್ಲಗ್ ಕಿತ್ತೆ.

ಆದರೆ ಮೂಗಿಗೆ ಬಡಿದದ್ದು ಊದುಬತ್ತಿಯ ವಾಸನೆ. ಬಗ್ಗಿ ನೋಡಿದರೆ, ಮುಳ್ಳೂರಿನಿಂದ ಬಂದಿದ್ದ ಅಪ್ಪ ಮೇಜಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ನೆಲದ ಮೇಲಿದ್ದ ಸಿಪಿಯು ಮುಂದೆ ಬಾಳೆಹಣ್ಣು, ಅದಕ್ಕೆ ಚುಚ್ಚಿದ ಊದುಬತ್ತಿ. ಮುಂದಿನ ಫ್ಯಾನ್ ಆ ಹೊಗೆಯನ್ನೆಲ್ಲ ಎಳೆದುಕೊಂಡು ಹಿಂದಿನಿಂದ ಬಿಟ್ಟಿತ್ತು.

“ಏನಪ್ಪಾ ಇದು?” ಎಂದು ಕೂಗಿದೆ.

“ಒಸ ಟ್ರ್ಯಾಕ್ಟ್ರು ಒಲಕ್ಕೆ ಇಳೀತಾ ಅದ, ಪೂಜೆ ಮಾಡ್ದೆ ಉಳ್ತಾರೇನ್ಲಾ?” ಎಂದು ಅಪ್ಪ ನನ್ನನ್ನೇ ಗದರಿದ. ಆಮೇಲೆ ನಿಂಬೆಹಣ್ಣು ಹಿಡಿದು ಸಿಪಿಯುವಿನ ಸುತ್ತ ತಡಕಾಡುತ್ತ, “ಇದ್ಕೆ ಗಾಲಿ ಎಲ್ಲಿ ಮಡಗವ್ರಲಾ?” ಎಂದ. ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ.

ಹೆದರುತ್ತಲೇ ಮತ್ತೆ ಪ್ಲಗ್ ಹಾಕಿದೆ. ಕಾರ್ಡಿಗೆ ಏನೂ ಆಗಿರಲಿಲ್ಲ. ಅದರ ಕೀರ್ತಿಯೂ ಪೂಜೆಗೇ ಹೋಯಿತು.

ಈಗ ಕೊಳ್ಳೇಗಾಲದ ನಮ್ಮ ಮನೆಯ ಸಿಪಿಯುವಿನ ಹಣೆಯಲ್ಲಿ ವಿಭೂತಿ ಇದೆ, ತಲೆಯ ಮೇಲೆ ಒಣಗಿದ ನಿಂಬೆಹಣ್ಣಿದೆ. ಅಪ್ಪ ಬಂದಾಗಲೆಲ್ಲ ನಾನೇ ಊದುಬತ್ತಿ ಹಚ್ಚುತ್ತೇನೆ, ಹಿಂದಿನ ಫ್ಯಾನಿನ ಕಡೆಗೆ. ಬಂದೂಕಿನ ಆಟವನ್ನು ಮಾತ್ರ ಅವನಿಗೆ ಇನ್ನೂ ತೋರಿಸಿಲ್ಲ. ಆಯುಧಪೂಜೆ ಅಂತ ಕುಂಬಳಕಾಯಿ ತಂದು ಒಡೆದುಬಿಟ್ಟರೆ?