ಬದುಕಿದ್ದವನ ಶೋಕಗೀತೆ

ಜೋಬ್ ರಾಯ್‌ಕ್ರಾಫ್ಟ್ ಕುದುರೆ ಜೀನು ಹೊಲಿಯುತ್ತಿದ್ದ. ಅವನ ಅಪ್ಪ ಏಬ್ರಹಾಂ ಗುಡ್ಡದ ಮೇಲಿನ ಪ್ರಾಟೆಸ್ಟೆಂಟ್ ಚರ್ಚಿನಲ್ಲಿ ಗಂಟೆ ಬಾರಿಸುವವನು. ಜೋಬ್ ಹುಟ್ಟಿದ ವಾರವೇ ತಾಯಿ ತೀರಿಕೊಂಡಳು. ಆಗ ನಮ್ಮ ಅಜ್ಜಿ ತನ್ನ ಮಗಳ ಜೊತೆಗೆ ಅವನಿಗೂ ಹಾಲು ಕೊಟ್ಟಳು. ಆ ಮಗಳೇ ನಮ್ಮ ದೊಡ್ಡಮ್ಮ ಗೋಬ್ನಿಟ್. ಹೀಗಾಗಿ ಇಂಗ್ಲಿಷಿಗಿಂತ ಮೊದಲು ಅವನ ನಾಲಿಗೆಗೆ ನಮ್ಮ ಐರಿಷ್ ಬಂತು. ಪದ ಕಟ್ಟಿದ್ದೂ ಅದರಲ್ಲೇ.

ಊರಿನಲ್ಲಿ ಯಾರು ಸತ್ತರೂ ಹೆಣದ ಮುಂದೆ ಹಾಡುವವಳು ದೊಡ್ಡಮ್ಮ. ಅವಳು ಹಾಡುತ್ತಿದ್ದ ಪದಗಳಲ್ಲಿ ಅರ್ಧ ಜೋಬ್ ಮಾಮನವು. ಅವನು ಮಾತ್ರ ಒಳಗೆ ಬರದೆ ಅಂಗಳದ ಗೋಡೆಗೆ ಒರಗಿ ಕೇಳುತ್ತಿದ್ದ. ಅವನ ಚರ್ಚಿನವರು "ತನ್ನವರನ್ನ ಬಿಟ್ಟವನು" ಎನ್ನುತ್ತಿದ್ದರು. ನಮ್ಮ ಕ್ಯಾಥೊಲಿಕರು "ಒಳ್ಳೇವ್ನೇ, ಆದ್ರೆ" ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರು.

ಇಂಗ್ಲಿಷರ ಸೈನ್ಯ ಹೊರಟು ಠಾಣೆಯ ಮೇಲೆ ಹೊಸ ಬಾವುಟ ಏರಿದ ವರ್ಷ ಅದು. ಒಂದು ಗುರುವಾರ ಮಧ್ಯಾಹ್ನ ಬಂದೂಕು ಹಿಡಿದ ಮೂವರು ಅವನನ್ನು ಅಂಗಡಿಯಿಂದ ಎಬ್ಬಿಸಿಕೊಂಡು ಹೋದರು. ಅವನ ಚಿಕ್ಕಪ್ಪನ ಮಗ ಹಳೆಯ ಸರಕಾರದ ಪೊಲೀಸನಾಗಿದ್ದ, ಅಷ್ಟು ಸಾಕಾಗಿತ್ತು. ಸಂಜೆಗೆ ಗಾಡಿಯವನೊಬ್ಬ ಕೆರೆಯ ದಂಡೆಯಲ್ಲಿ ಸಿಕ್ಕಿದ ಟೋಪಿ ತಂದು ದೊಡ್ಡಮ್ಮನ ಕೈಗಿಟ್ಟ. ಅದರ ಅಂಚಿಗೆ ರಕ್ತ ಹತ್ತಿತ್ತು.

ಹೆಣ ತೊಳೆದು ಮಲಗಿಸುವ ತನಕ ಯಾರೂ ದನಿ ಎತ್ತಿ ಅಳಬಾರದು. ಆತ್ಮ ಹೋಗುವ ದಾರಿಯಲ್ಲಿ ಸೈತಾನನ ನಾಯಿಗಳು ಮಲಗಿರುತ್ತವೆ, ಬೇಗ ಅತ್ತರೆ ಎಚ್ಚರಗೊಳ್ಳುತ್ತವೆ. ಇದನ್ನು ನಮಗೆಲ್ಲ ಕಲಿಸಿದವಳು ದೊಡ್ಡಮ್ಮನೇ. ಆದರೂ ಅಂದು ಆ ಟೋಪಿಯನ್ನು ಒಲೆಯ ಮುಂದೆ ಇಟ್ಟುಕೊಂಡು ಅವನ ಶೋಕಗೀತೆಯನ್ನು ಮೊದಲಿನಿಂದ ಕೊನೆಯ ತನಕ ಹಾಡಿಬಿಟ್ಟಳು. ಕೋಳಿಗಳು ಒಂದೊಂದಾಗಿ ಒಳಗೆ ಬಂದು ನಮ್ಮ ಕಾಲಿನ ಸುತ್ತ ನಿಂತವು. ಒಂದೂ ಸದ್ದು ಮಾಡಲಿಲ್ಲ. ನಾನು ಜಪಸರ ಹಿಡಿದು ಕುಳಿತಿದ್ದೆ. ಎಷ್ಟನೆಯ ಮಣಿ ಎಂಬುದೇ ತಪ್ಪಿಹೋಯಿತು.

ಮರುದಿನ ಬೆಳಿಗ್ಗೆ ಜೋಬ್ ಮಾಮ ಬರಿತಲೆಯಲ್ಲಿ, ಹಣೆಗೆ ಬಟ್ಟೆ ಕಟ್ಟಿಕೊಂಡು ನಡೆದು ಬಂದ. ಮೂವರಲ್ಲಿ ಒಬ್ಬನ ಅಪ್ಪನ ಶವದ ಮುಂದೆ ಇವನ ಪದ ಹಾಡಿದ್ದರಂತೆ. ಅದಕ್ಕೇ ಬಿಟ್ಟಿದ್ದರು. ನಮ್ಮ ನಾಯಿ ಅವನ ಪಕ್ಕದಲ್ಲೇ ಹಾದುಹೋಯಿತು, ತಲೆ ಎತ್ತಿ ನೋಡಲಿಲ್ಲ.

ಶೋಕಗೀತೆ ಹಾಡಿಸಿಕೊಂಡವನು ಸತ್ತವನ ಲೆಕ್ಕವೇ ಎಂದು ಅಂದಿನಿಂದ ಅಂಗಡಿಗೆ ಜನ ಕಡಿಮೆಯಾದರು. ಬಂದವರೂ ಅವನ ಕೈಗೆ ಕೈ ತಾಗದಂತೆ ಚರ್ಮ ಇಟ್ಟು ಹೋಗುತ್ತಿದ್ದರು. ಹಾಲು ತರುವ ಮುದುಕಿ ಹ್ಯಾನಾ ಅವನ ಎದುರಿಗೇ, "ಜೋಬ್, ದೇವ್ರು ಅವನ ಆತ್ಮಕ್ಕೆ ಶಾಂತಿ ಕೊಡ್ಲಿ, ಚೆನ್ನಾಗಿ ಹೊಲೀತಿದ್ದ" ಎಂದು ನಾಲಿಗೆ ಕಚ್ಚಿಕೊಂಡಳು.

"ಶಾಂತಿ ಕೊಡೋದು ಇರ್ಲಿ, ಹ್ಯಾನಾ. ಹೋದ್ವಾರದ ಹಾಲು ಹುಳಿಯಾಗಿತ್ತು. ಸತ್ತವ್ನಿಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಅವಳು ನಗಲಿಲ್ಲ.

ಅವನಿಗೆ ಬೇಕಾಗಿದ್ದದ್ದು ಒಂದೇ. ಶೋಕಗೀತೆಯಲ್ಲಿ ಸತ್ತವನು ಯಾರ ಮಗ, ಯಾರ ಮೊಮ್ಮಗ ಎಂದು ತಲೆಮಾರು ಎಣಿಸುತ್ತಾರೆ. ಅಲ್ಲಿ ಯಾರ ಸಾಲಿಗೆ ಸೇರಿದೆಯೋ ಅವರ ಮನುಷ್ಯ ನೀನು. ದೊಡ್ಡಮ್ಮ ತನ್ನನ್ನು ಯಾರವನು ಎಂದಳು? ಕೇಳಲು ದಿನವೂ ಬಂದ.

"ಎರಡನೇ ಸಲ ಬಾಯಿಗೆ ತರಲ್ಲ, ತಮ್ಮಾ. ಒಂದ್ಸಲಕ್ಕೇ ನಾನು ಏನನ್ನ ಎಬ್ಬಿಸಿದೆನೋ" ಎಂದು ಅವಳು ಎರಡು ತುಂಡಿನ ಬಾಗಿಲಿನ ಕೆಳಗಿನ ಅರ್ಧ ಹಾಕಿಕೊಳ್ಳುತ್ತಿದ್ದಳು.

ಅವನು ಸೊರಗಿದ. ಪದ ಕಟ್ಟುವುದು ನಿಂತಿತು. ಟೋಪಿ ಬಂದ ಸಂಜೆ ದೊಡ್ಡಮ್ಮನ ಹಾಡನ್ನು ಪಕ್ಕದಲ್ಲಿ ಕುಳಿತು ಕೇಳಿದವಳು ನಾನೊಬ್ಬಳೇ. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಬರುವಾಗ ಅವನ ಅಂಗಡಿಯೊಳಗೆ ಹೋದೆ.

"ಬ್ರೈಡಿ, ನೀನಾದ್ರೂ ಹೇಳೇ."

ದೇವಮಾತೆಯನ್ನು ನೆನೆದು ಹೇಳಿದೆ. "ಡೊನಲ್‌ನ ಮಗ ಜೋಬ್, ಡಿಯರ್ಮಿಡ್‌ನ ಮೊಮ್ಮಗ, ಕೊನರ್‌ನ ಮರಿಮಗ." ಎಲ್ಲ ನಮ್ಮ ಮನೆಯ ಹೆಸರುಗಳೇ. ಡೊನಲ್ ನಮ್ಮ ಅಜ್ಜ.

ಅವನ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಅವನು ಸೂಜಿ ಕೆಳಗಿಟ್ಟ.

"ಮತ್ತೆ ನಮ್ಮಪ್ಪ?"

"ಅವರ ಹೆಸ್ರು ಬರ್ಲಿಲ್ಲ, ಮಾಮ."

"ನಲ್ವತ್ತು ವರ್ಷ ಗಂಟೆ ಹೊಡೆದು ಸತ್ತವ್ನು. ನಾ ಐರಿಷ್‌ನಲ್ಲಿ ಹಾಡಿದ್ರೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ, ಆದ್ರೂ ಪಕ್ಕದಲ್ಲಿ ಕೂತು ಕಾಲಲ್ಲಿ ತಾಳ ಹಾಕ್ತಿದ್ದ. ಅವನನ್ನ ಹೊರಗೆ ನಿಲ್ಸಿ ನನ್ನನ್ನ ಒಳಗೆ ಕರ್ಕೊಂಡ್ಲಾ?"

ಎದ್ದು ಹೊರಟ. ನಾನು ಓಡಿ ಮನೆಯೊಳಗೆ ಸೇರಿಕೊಂಡೆ. ನೆತ್ತಿಯ ಮೇಲೆ ಬಿಸಿಲಿತ್ತು. ಅವನು ನಮ್ಮ ಅಂಗಳದಲ್ಲಿ ನಿಂತು ತನ್ನ ಶೋಕಗೀತೆಯನ್ನು ತಾನೇ ಎತ್ತಿದ. ದಾರಿಯಲ್ಲಿದ್ದವರು ಶಿಲುಬೆಯ ಗುರುತು ಹಾಕಿಕೊಂಡು ಸರಿದರು.

ಪ್ರತಿ ಸಾಲಿಗೂ ಮನೆಯ ಹೆಂಗಸರು ಕೂಗಿನಲ್ಲಿ ಓಗೊಡಬೇಕು. ಓಗೊಟ್ಟರೆ ಒಪ್ಪಿದಂತೆ, ಇಲ್ಲವಾದರೆ ಆ ಸಾಲು ಬಿದ್ದುಹೋದಂತೆ. ಡೊನಲ್‌ನ ಮಗ ಎಂದ. ಒಲೆಯ ಪಕ್ಕದಲ್ಲಿದ್ದ ದೊಡ್ಡಮ್ಮನ ಗಂಟಲಿನಿಂದ ಕೂಗು ತಾನಾಗಿಯೇ ಬಂತು.

"ಏಬ್ರಹಾಂನ ಮಗ" ಎಂದ.

ದೊಡ್ಡಮ್ಮ ತುಟಿ ಬಿಗಿದಳು.

"ಏಬ್ರಹಾಂನ ಮಗ" ಎಂದ ಮತ್ತೆ. ದನಿ ಒಡೆದಿತ್ತು.

"ದೊಡ್ಡಮ್ಮ, ಓಗೊಡೇ" ಎಂದೆ.

"ನಮ್ಮ ಸತ್ತೋರ ಮಧ್ಯೆ ಆ ಹೆಸ್ರನ್ನ ಹೇಗೆ ಇಡ್ಲೇ? ಅವ್ರು ಒಪ್ತಾರಾ?"

ಮೂರನೆಯ ಸಲ ಅವನು ಆ ಹೆಸರು ಹೇಳಿದಾಗ ನಾನು ಬಾಯಿ ತೆರೆದೆ. ಅದುವರೆಗೆ ಯಾರ ಹೆಣದ ಮುಂದೆಯೂ ನಾನು ದನಿ ಎತ್ತಿದವಳಲ್ಲ. ನನ್ನ ಜೊತೆಗೆ ದೊಡ್ಡಮ್ಮನೂ ಕೂಗಿದಳು. ಮನೆಯಲ್ಲಿದ್ದವರು ನಾವಿಬ್ಬರೇ. ಎದ್ದ ಕೂಗು ಇಬ್ಬರದಾಗಿರಲಿಲ್ಲ. ಅಟ್ಟದಿಂದ, ಒಲೆಯ ಹಿಂದಿನಿಂದ, ನೆಲದಡಿಯಿಂದ, ಮನೆ ತುಂಬ ಹೆಂಗಸರಿದ್ದಂತೆ ಬಂತು. ಗಡಿಗೆಯಲ್ಲಿದ್ದ ನೀರು ನಡುಗಿತು.

ದೊಡ್ಡಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. "ಒಪ್ಪಿದ್ರು" ಎಂದಳು, ಮೆಲ್ಲಗೆ.

ಹೊರಗೆ ಜೋಬ್ ಮಾಮ ಉಸಿರು ಎಳೆದುಕೊಂಡ. ಆಮೇಲೆ ಮುಂದಿನ ಸಾಲು ಎತ್ತಿಕೊಂಡ.