ತುಳಿಯುವ ಕಾಲು

ನಾನು ಗಾಡಿ ಕಲಿತದ್ದು ಅಪ್ಪನ ಹಳೇ ಬೈಕಿನ ಮೇಲೆ, ಹಿಂದೆ ಮೀನಿನ ಡಬ್ಬಿ ಕಟ್ಟಿಕೊಂಡು, ಭೀಮಾ ದಂಡೆಯಿಂದ ಯಾದಗಿರಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ. ಆ ಬೈಕಿನಲ್ಲಿ ಎಲ್ಲ ಗೇರೂ ಕೆಳಗೇ. ತುಳಿದರೆ ಒಂದು, ಮತ್ತೆ ತುಳಿದರೆ ಎರಡು, ನಾಲ್ಕರ ತನಕ ತುಳಿಯುವುದೇ. ನಮ್ಮ ಕಡೆ ಅರ್ಧ ಊರಿನ ಕಾಲು ಹೀಗೇ ಪಳಗಿದೆ.

ಶಹಾಪುರದಲ್ಲಿ ಗ್ಯಾರೇಜು ಇಟ್ಟಿದ್ದ ನಮ್ಮಣ್ಣ ರೇಸಿಗೆಂದೇ ಒಂದು ಬೈಕು ತಯಾರು ಮಾಡಿದ್ದ. ಅವನು ದಪ್ಪ, ನಾನು ಹಗುರ. ಹಾಗಾಗಿ ಓಡಿಸುವವಳು ನಾನು. ಇನ್ನೂ ಮನೆ ಏಳದ ಒಂದು ಲೇಔಟಿನ ನೆಟ್ಟನೆಯ ರಸ್ತೆಗೆ ಎರಡೂ ಕಡೆ ಹಗ್ಗ ಕಟ್ಟಿ, ಇಬ್ಬಿಬ್ಬರನ್ನು ಬಿಡುತ್ತಿದ್ದರು. ಸುರಪುರದ ಸವಾರನೊಬ್ಬ ನನ್ನನ್ನು ಎರಡು ಸಲ ಸೋಲಿಸಿದ. ಅವನೇನೂ ಭಾರೀ ಸವಾರನಲ್ಲ, ಸೋಲಿಸಿದ್ದು ನನ್ನ ಕಾಲೇ. ಅಣ್ಣನ ಬೈಕಿನಲ್ಲಿ ಮೊದಲ ಗೇರು ಕೆಳಗೆ, ಉಳಿದವೆಲ್ಲ ಮೇಲೆ. ಅವನ ಚಕ್ರ ಪಕ್ಕಕ್ಕೆ ಬಂದ ಕೂಡಲೇ ನಾನು ಎತ್ತುವ ಬದಲು ತುಳಿದುಬಿಡುತ್ತಿದ್ದೆ. ಗೇರು ಇಳಿದು, ಹಿಂದಿನ ಚಕ್ರ ಕಿರುಚಿ, ಗಾಡಿ ಮುಗ್ಗರಿಸುತ್ತಿತ್ತು.

"ಇನ್ನೊಮ್ಮಿ ಸೋತ್ರ ಗಾಡಿ ಮಾರಿಬಿಡ್ತೀನಿ ನೋಡು," ಅಂದ ಅಣ್ಣ.

"ಗೆದ್ರ?"

"ಗೆದ್ರ ನಿನಗ ಕೊಡ್ತೀನಿ, ತಗೋ."

ಆ ಬೈಕು ನನಗೆ ಬೇಕೇ ಬೇಕಿತ್ತು. ಅಣ್ಣ ದಿನಾ ಸಂಜೆ ನನ್ನನ್ನು ಕೂರಿಸಿ, "ಮ್ಯಾಲ ಎತ್ತಬೇ, ಮ್ಯಾಲ," ಎಂದು ತಲೆ ತಿಂದ. ಒಂದು ಸಂಜೆ ನನಗೆ ಸಿಟ್ಟು ನೆತ್ತಿಗೇರಿತು.

"ಯಣ್ಣಾ, ಈ ಕಾಲು ಬದಲಾಗಂಗಿಲ್ಲ. ಗಾಡಿ ಬದಲ್ ಮಾಡು."

ಅವನು ನನ್ನ ಮುಖ ನೋಡಿದ. ಆಮೇಲೆ ಪಾನಾ ತಂದು ಗೇರ್ ಲಿವರಿನ ಕೊಂಡಿ ಬಿಚ್ಚಿ, ತಿರುಗಿಸಿ ಕೂಡಿಸಿದ. ಈಗ ಮೊದಲ ಗೇರು ಮೇಲೆ, ಉಳಿದವೆಲ್ಲ ಕೆಳಗೆ. ಎತ್ತುವುದಕ್ಕಿಂತ ತುಳಿಯುವುದು ಬೇಗ ಆಗುತ್ತದೆ ಎಂಬುದು ಮೊದಲ ಓಟಕ್ಕೇ ಗೊತ್ತಾಯಿತು. ಇಷ್ಟು ದಿನ ಬೈಸಿಕೊಂಡ ಕಾಲಿನ ಮೇಲೆ ನನಗೆ ಪ್ರೀತಿ ಬಂತು.

ರೇಸಿನ ದಿನ ಎದೆಯನ್ನು ಟ್ಯಾಂಕಿಗೆ ಒತ್ತಿ ಕುಳಿತೆ. ಗಾಡಿ ಬಿಟ್ಟ ಕೂಡಲೇ ಕಾಲನ್ನು ಲಿವರಿನ ಮೇಲೆ ಭಾರ ಹಾಕಿ ಇಟ್ಟೆ. ಇಂಜಿನ್ನು ಅರಚುವ ತನಕ ಕಾಯಲಿಲ್ಲ. ದನಿ ಗಟ್ಟಿಯಾಗುತ್ತಲೇ ಆಕ್ಸಿಲರೇಟರನ್ನು ಒಂದು ಕೂದಲೆಳೆಯಷ್ಟು ಸಡಿಲಿಸಿ, ಕ್ಲಚ್ ಮುಟ್ಟಿದಂತೆ ಮಾಡಿ, ತುಳಿದೆ. ಎರಡು. ಮೂರು. ಸುರಪುರದವನ ಚಕ್ರ ಪಕ್ಕಕ್ಕೆ ಬಂತು, ನಾನು ಮತ್ತೆ ತುಳಿದೆ. ಆಮೇಲೆ ಅವನ ಚಕ್ರ ನನಗೆ ಕಾಣಲೇ ಇಲ್ಲ.

ಊರಿಗೆ ಹೊರಡುವಾಗ ಅಣ್ಣ ಅಭ್ಯಾಸದಂತೆ ಹ್ಯಾಂಡಲ್ ಹಿಡಿದು ಹತ್ತಿದ. ಹಳೇ ರೂಢಿಯಲ್ಲೇ ಗೇರು ತುಳಿದು ಹೊರಟ, ಮುಂದಿನದಕ್ಕೆ ಎತ್ತಿದ ಕೂಡಲೇ ಗೇರು ಇಳಿದು ಗಾಡಿ ಜರ್ಕು ಹೊಡೆದು ನಿಂತಿತು. ಮತ್ತೆ ಶುರು ಮಾಡಿದ, ಮತ್ತೆ ನಿಂತಿತು.

"ತಡಿ, ಪಾನಾ ಕೊಡು. ಮೊದಲಿನಂಗ ಮಾಡ್ತೀನಿ," ಅಂದ.

"ನನ್ನ ಗಾಡಿಗಿ ಕೈ ಹಚ್ಚಬ್ಯಾಡ. ಹಿಂದ ಕುಂದುರು," ಅಂದೆ.

ಅಣ್ಣ ಕುಳಿತ.