ಅವ್ವನಿಗೆಂದು ಕೊಂಡ ಗಾಲ್ಫ್ ಕೋಲುಗಳು

ಬೇಸಿಗೆ ರಜೆ ಎಂದರೆ ಗದಗಿನ ರೈಲು ಹತ್ತುವುದು ಎಂದೇ ನಾವು ತಿಳಿದಿದ್ದ ದಿನಗಳವು. ಪರೀಕ್ಷೆ ಮುಗಿಯುವ ಮೊದಲೇ ಅವ್ವ ಅಟ್ಟದಿಂದ ಬ್ಯಾಗು ಇಳಿಸಿ ಬಿಸಿಲಿಗೆ ಇಡುತ್ತಿದ್ದಳು. ನಾನು ಆರನೆಯ ತರಗತಿ ಮುಗಿಸಿದ ವರ್ಷ ಮಾತ್ರ ನಾವು ಚೆನ್ನೈ ಬಿಟ್ಟು ಕದಲಲಿಲ್ಲ. ಅಪ್ಪ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕ್ಸ್ ಕಲಿಸುತ್ತಿದ್ದರು. ಆ ಸಲ ಉತ್ತರಪತ್ರಿಕೆ ತಿದ್ದುವ ಕೆಲಸ ಅವರ ತಲೆಗೆ ಬಿದ್ದಿತ್ತು. ಕ್ರೋಂಪೇಟೆಯ ಬಾಡಿಗೆ ಮನೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಹತ್ತಿರದ ಚರ್ಮದ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದರೆ ಚರ್ಮ ಹದ ಮಾಡುವ ವಾಸನೆ ಅಡಿಗೆಮನೆಯವರೆಗೂ ಬರುತ್ತಿತ್ತು. ಅವ್ವನಿಗೆ ತಮಿಳು ಬರುತ್ತಿದ್ದುದು ತರಕಾರಿ ಕೊಳ್ಳುವಷ್ಟು. ನನಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆದರೆ ಬಾಯಿ ತೆರೆದರೆ ಬರುತ್ತಿದ್ದುದು ತಮಿಳು.

ಮಹಡಿಯ ಮೇಲೆ ವಸಂತಾ ಮಾಮಿ ಇದ್ದರು. ಅವರ ಗಂಡ ವಾಯುಪಡೆಯಲ್ಲಿದ್ದು ತೀರಿಕೊಂಡವರು. ಮಾಮಿಗೆ ಒಂದು ಹಳೆಯ ಕಾರು, ನೋಯುವ ಮಂಡಿ, ಮತ್ತು ಗಂಡನ ಕಾಲದಿಂದ ಬಂದ ಗಾಲ್ಫ್ ಅಭ್ಯಾಸ ಉಳಿದಿದ್ದವು. ಬೆಳಗ್ಗೆ ತಾಂಬರಂ ಕಡೆಯ ಒಂದು ಅಭ್ಯಾಸದ ಮೈದಾನಕ್ಕೆ ಹೋಗಿ ಚೆಂಡು ಹೊಡೆದು ಬರುತ್ತಿದ್ದರು. ಊರಿಗೆ ಹೋಗದೆ ಸಪ್ಪಗಿದ್ದ ಅವ್ವನನ್ನು ಒಂದು ದಿನ ಜೊತೆಗೆ ಕರೆದರು. ನಾನೂ ಹಿಂದಿನ ಸೀಟು ಹತ್ತಿದೆ.

ಮೊದಲ ದಿನ ಅವ್ವ ಬೆಂಚಿನ ಮೇಲೆ ಕೂತು ನೋಡಿದಳು. ಮರುದಿನ ಮಾಮಿ ತಮ್ಮ ಕೋಲನ್ನೇ ಅವಳ ಕೈಗೆ ಕೊಟ್ಟು, "ಚುಮ್ಮಾ ಅಡಿಚ್ಚು ಪಾರುಂಗೋ" ಎಂದರು, ಸುಮ್ಮನೆ ಹೊಡೆದು ನೋಡಿ ಎಂದು. ಆಟ ಬಲ್ಲವರು ಅದನ್ನು ಕ್ಲಬ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಕಡೆಯವರೆಗೂ ಕೋಲೇ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಊರಿನ ಚಿಣಿಪಣಿ, ಅಂದರೆ ಚಿನ್ನಿದಾಂಡು, ಆಡುವವಳ ಹಾಗೆ ಕಾಲು ಅಗಲಿಸಿ ನಿಂತು ಬೀಸಿದಳು. ಚೆಂಡು ಟಕ್ಕೆಂದು ಎದ್ದು, ಬೇಲಿಯಾಚೆಯ ಬೇವಿನ ಮರಗಳ ಎತ್ತರಕ್ಕೆ ಏರಿ, ದೂರದ ಹುಲ್ಲಿನಲ್ಲಿ ಬಿತ್ತು. ಅವ್ವ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಆಮೇಲಿನ ಬೆಳಗುಗಳೆಲ್ಲ ನಮ್ಮ ಮೂವರವು. ಒದ್ದೆ ಹುಲ್ಲಿನ ವಾಸನೆ, ಬೇವಿನ ಹೂವಿನ ಘಾಟು. ಅವ್ವ ಹೊಡೆದ ಚೆಂಡು ಎಲ್ಲಿ ಬೀಳುತ್ತದೆಂದು ನಾನು ಮಾಮಿ ಪಂಥ ಕಟ್ಟುತ್ತಿದ್ದೆವು. ಬಿಸಿಲು ಏರುವ ಹೊತ್ತಿಗೆ ಡಬ್ಬಿ ತೆರೆದು ಚುರುಮುರಿ ನೆನೆಸಿ ಒಗ್ಗರಿಸಿದ ಸುಸಲಾ ತಿನ್ನುವುದು. ಮಾಮಿಯ ತಮಿಳಿಗೆ ಅವ್ವ ಗದಗಿನ ಕನ್ನಡದಲ್ಲೇ ಉತ್ತರಿಸುತ್ತಿದ್ದಳು, ಇಬ್ಬರಿಗೂ ತಿಳಿಯುತ್ತಿತ್ತು.

ಇದೆಲ್ಲ ಕೇಳಿ ಅಪ್ಪನಿಗೆ ಹಿಗ್ಗು. ಮದುವೆಯ ವಾರ್ಷಿಕೋತ್ಸವ ಹತ್ತಿರವಿತ್ತು. ಒಂದು ಸಂಜೆ ನನ್ನನ್ನು ಬಾಲ್ಕನಿಗೆ ಕರೆದು ದನಿ ತಗ್ಗಿಸಿ ಹೇಳಿದರು, "ನಿಮ್ಮವ್ವಗ ಕೋಲು ಕೊಡಸೋಣ. ಬಾಯಿ ಬಿಡಬ್ಯಾಡ ಮತ್ತ."

ಭಾನುವಾರ ಲೋಕಲ್ ರೈಲು ಹಿಡಿದು ಮೌಂಟ್ ರೋಡಿನ ಆಟದ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವನು ಯಾರಿಗೆ, ಎಷ್ಟು ಎತ್ತರ ಎಂದು ಕೇಳಿದ. ನಾನು ಕೈ ಎತ್ತಿ, ಅಪ್ಪನ ಭುಜಕ್ಕಿಂತ ಕೆಳಗೆ ಹಿಡಿದು ತೋರಿಸಿದೆ. ಅವನು ಹೆಂಗಸರ ಅರ್ಧ ಸೆಟ್ಟೊಂದನ್ನು ತಂದಿಟ್ಟ. ಕೋಲುಗಳು ಕೆಲವೇ ಇದ್ದವು. ಹಗುರ, ದಂಡ ತುಸು ಬಾಗುವಂಥದ್ದು. ಹೊಸದಾಗಿ ಕಲಿಯುವವರಿಗೆ ಇಷ್ಟು ಸಾಕು ಎಂದ. ನಾನು ಒಂದನ್ನು ಎತ್ತಿದೆ. ಮಾಮಿಯ ಕೋಲಿನಷ್ಟೇ ಭಾರ.

"ಇದೇ ಪಾ," ಎಂದೆ.

ಅಪ್ಪನ ಕಣ್ಣು ಆಗಲೇ ಗೋಡೆಗೆ ಒರಗಿದ್ದ ಪೂರ್ಣ ಸೆಟ್ಟಿನ ಮೇಲಿತ್ತು. ಗಂಡಸರದು, ಉಕ್ಕಿನ ದಂಡಗಳು, ಕರಿಯ ದೊಡ್ಡ ಚೀಲ. "ಬಾಗೂ ದಂಡ ಶಕ್ತಿ ತಿಂತದ. ಕೋಲು ಉದ್ದಿದ್ದಷ್ಟೂ ತುದಿ ಜೋರು ತಿರಗ್ತದ, ಚೆಂಡು ದೂರ ಹೋಗ್ತದ. ಇದು ಲೆಕ್ಕ," ಎಂದರು.

"ಅಮ್ಮಾವಾಲ ತೂಕ್ಕ ಮುಡಿಯಾದು ಪಾ," ಎಂದೆ. ಅಮ್ಮನ ಕೈಲಿ ಎತ್ತಲಾಗದು ಎಂದು ಇನ್ನು ಹೇಗೆ ಹೇಳಬೇಕೋ ನನಗೆ ಗೊತ್ತಿರಲಿಲ್ಲ. ಅಂಗಡಿಯವನೂ ಹೌದೆಂದು ತಲೆ ಆಡಿಸಿದ.

ಅಪ್ಪ ನನ್ನ ಕಡೆ ಬಗ್ಗಿದರು. "ಅರ್ಧ ಸೆಟ್ಟು ಒಯ್ದು ಕೊಟ್ಟರ ಆಕಿ ಏನ್ ತಿಳ್ಕೋಬೇಕು? ಲಗ್ನ ಆದಾಗಿಂದ ಆಕೀಗೆ ಯಾವುದನ್ನೂ ಪೂರಾ ಕೊಟ್ಟಿಲ್ಲ ನಾ. ಇದಾರ ಪೂರಾ ಇರಲಿ."

ಆ ಪೂರ್ಣ ಸೆಟ್ಟಿಗೇ ಹಣ ಕೊಟ್ಟರು. ಹಿಂದಿರುಗುವ ರೈಲಿನಲ್ಲಿ ಚೀಲ ನನ್ನ ಮೊಣಕಾಲಿಗೆ ಬಡಿಯುತ್ತಲೇ ಇತ್ತು. ನನಗೆ ಅಳು ಬರುವಷ್ಟು ಸಿಟ್ಟು.

ಚೀಲ ಕಂಡಾಗ ಅವ್ವನ ಮುಖ ಅರಳಿದ್ದು ನಿಜ. ಒಂದು ಕೋಲು ಹೊರತೆಗೆದಾಗ ಅವಳ ಮಣಿಕಟ್ಟು ಕೆಳಗೆ ಜಗ್ಗಿದ್ದೂ ನಿಜ. "ಭಾಳ ಛಲೋ ಅದಾವ್ರೀ," ಎಂದಳು.

ಮರುದಿನದಿಂದ ಅಪ್ಪನೂ ಕಾರು ಹತ್ತಿದರು. ಹೊಸ ಕೋಲಿಗೆ ಚೆಂಡು ಏಳಲೇ ಇಲ್ಲ. ನೆಲಕ್ಕೆ ಅಂಟಿಕೊಂಡು ಓಡಿ ನಿಲ್ಲುತ್ತಿತ್ತು. ಅಪ್ಪ ಹಿಂದೆ ನಿಂತು, "ಮೊಣಕೈ. ಮೊಣಕೈ ನೋಡು. ತಲಿ ಎತ್ತಬ್ಯಾಡ," ಎನ್ನುತ್ತಿದ್ದರು. ಅವರು ತಾವೇ ಒಂದು ಚೆಂಡೂ ಹೊಡೆದವರಲ್ಲ. ಅವ್ವ ಹೂಂ ಎನ್ನುತ್ತಾ ಮತ್ತೆ ಬೀಸುತ್ತಿದ್ದಳು, ಮತ್ತೆ ಅದೇ. ಮಾಮಿ ಪಕ್ಕದಲ್ಲಿ ತಮ್ಮಷ್ಟಕ್ಕೆ ಆಡಿಕೊಂಡಿದ್ದರು. ಒಮ್ಮೆ ಮಾತ್ರ ನನ್ನ ಕಿವಿಯಲ್ಲಿ, "ಉಂಗ ಅಪ್ಪಾಕಿಟ್ಟ ಯಾರು ಸೊಲ್ರದು?" ಎಂದರು. ನಿಮ್ಮಪ್ಪನಿಗೆ ಹೇಳುವವರು ಯಾರು? ನಾನು ಹೇಳಿಯಾಗಿತ್ತಲ್ಲ. ಡಬ್ಬಿಯ ಸುಸಲಾ ತಿನ್ನುವಾಗಲೂ ಈಗ ಮೊಣಕೈಯದೇ ಮಾತು.

ಒಂದು ಮಧ್ಯಾಹ್ನ ಅವ್ವ ಮಣಿಕಟ್ಟಿಗೆ ಅರಿಶಿನದ ಪಟ್ಟು ಹಾಕಿಕೊಂಡು ಕೂತಿದ್ದಳು. ಎಡಗೈಯಲ್ಲಿ ರೊಟ್ಟಿ ತಿರುವುತ್ತಿದ್ದಳು.

"ಮಾಮಿ ಕೋಲಿನಲ್ಲೇ ಆಡು," ಎಂದೆ.

"ನಿಮ್ಮಪ್ಪನ ಮುಂದ ಹೆಂಗ ಆಡ್ಲಿ? ಅವರಿಗೆ ಕೆಟ್ಟ ಅನಸ್ತದ. ಸುಮ್ಮಿರು."

ನಾನು ಸುಮ್ಮನಿರಲಿಲ್ಲ. ಸಂಜೆ ಅಪ್ಪ ಬಂದ ಕೂಡಲೇ ಅವ್ವನ ಕೈ ಊದಿದೆ ಎಂದು ಹೇಳಿಬಿಟ್ಟೆ. ಅಪ್ಪ ಚಹಾ ಬಿಟ್ಟು ಎದ್ದು ಆ ಕೈ ಹಿಡಿದು ನೋಡಿದರು. ಅವ್ವ ನನ್ನನ್ನು ನೋಡಿದ ನೋಟಕ್ಕೆ ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಮರುದಿನ ಅಪ್ಪ ಚೀಲ ಹೊತ್ತು ಅಂಗಡಿಗೆ ಹೋದರು. ಗೀರು ಬಿದ್ದ ಕೋಲುಗಳನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದನಂತೆ ಅಂಗಡಿಯವನು.

ಆದರೂ ಅಪ್ಪ ಕೈಬಿಡಲಿಲ್ಲ. ಕೋಲುಗಳನ್ನು ಕಾಲೇಜಿನ ವರ್ಕ್‌ಶಾಪಿಗೆ ಒಯ್ದು, ತಾವೇ ನಿಂತು, ಅವ್ವನ ಅಳತೆಗೆ ದಂಡ ಕತ್ತರಿಸಿ, ಹಿಡಿಗಳನ್ನು ಮತ್ತೆ ಅಂಟಿಸಿ ತಂದರು. ಅವರ ಬೆರಳಿಗೆಲ್ಲ ಅಂಟು ಮೆತ್ತಿತ್ತು. "ಈಗ ನಿನ್ನ ಅಳತೀಗೆ ಸರಿ," ಎಂದರು. ಕತ್ತರಿಸಿದ ದಂಡ ಮೊದಲಿಗಿಂತ ಬಿರುಸಾಗಿತ್ತು. ಮೈದಾನದಲ್ಲಿ ಅವ್ವ ಒಂದೇ ಒಂದು ಸಲ ಬೀಸಿದಳು. ಪೆಟ್ಟಿನ ಅದುರು ಕೈಯಿಂದ ಭುಜಕ್ಕೆ ಏರಿದ್ದು ಅವಳ ಮುಖದಲ್ಲೇ ಕಾಣಿಸಿತು. ಕೋಲನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿ ಹೇಳಿದಳು:

"ಆಟ ನನಗ ಬ್ಯಾಡಾಗಿರಲಿಲ್ರೀ. ನೀವು ಕೊಟ್ಟದ್ದನ್ನ ಬ್ಯಾಡ ಅನ್ನೂದು ನನಗ ಬರಲಿಲ್ಲ."

ಮಾಮಿ ತಮ್ಮ ಕೋಲನ್ನು ಮುಂದೆ ಚಾಚಿದರು. ಅವ್ವ ಕೈ ಮುಗಿದು ಬೆಂಚಿನ ಮೇಲೆ ಕೂತಳು. ಅಪ್ಪನ ಎದುರಿಗೆ ಅವಳು ಅದನ್ನು ಹಿಡಿಯಲಿಲ್ಲ. ಅಪ್ಪ ಬಾರದ ದಿನ ಹಿಡಿಯಬಹುದೆಂದು ನಾನು ಕಾದೆ. ಮರುದಿನದಿಂದ ಅವಳು ಹೊರಡಲೇ ಇಲ್ಲ. ಶಾಲೆ ತೆರೆಯಿತು. ವರ್ಷ ತುಂಬುವುದರೊಳಗೆ ಮಾಮಿಯನ್ನು ಮಗಳು ಕೋಯಮತ್ತೂರಿಗೆ ಕರೆದುಕೊಂಡು ಹೋದಳು. ಮನೆ ಬದಲಾಯಿಸುವಾಗ ಅಪ್ಪ ಚೀಲವನ್ನು ಯಾರಿಗೋ ಕೊಟ್ಟುಬಿಟ್ಟರು. ಕತ್ತರಿಸಿದ ಕೋಲು ಯಾರಿಗೆ ಉಪಯೋಗಕ್ಕೆ ಬಂತೋ.

ಮುಂದಿನ ಬೇಸಿಗೆಯಿಂದ ಮತ್ತೆ ಗದಗಿನ ರೈಲು. ಆ ಮೈದಾನದಲ್ಲಿ ಈಗ ಸಾಲು ಸಾಲು ಅಪಾರ್ಟ್‌ಮೆಂಟುಗಳು. ನನಗೂ ಸಂಬಳ ಬರುತ್ತದೆ. ಹೆಂಗಸರ ಹಗುರ ಕೋಲುಗಳು ಇವತ್ತು ಫೋನಿನಲ್ಲೇ ಆರಿಸಿದರೆ ಮನೆ ಬಾಗಿಲಿಗೆ ಬರುತ್ತವೆ. ಹೋದ ತಿಂಗಳು ಅವ್ವನಿಗೆ ಕೆಲವು ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು ನೋಡಿದಳು. ಬಲಗೈಯನ್ನು ಪಕ್ಕಕ್ಕೆ ಎತ್ತಿ ತೋರಿಸಿದಳು. ಅದು ಭುಜದ ಮಟ್ಟಕ್ಕೂ ಬರಲಿಲ್ಲ.

"ಆಗ ನಿನಗೆ ಯಾವುದು ಬೇಕಿತ್ತವ್ವಾ?" ಎಂದು ಕೇಳಿದೆ. ಅಷ್ಟು ವರ್ಷ ಅವಳ ಪರವಾಗಿ ಸಿಟ್ಟಾಗಿದ್ದ ನಾನೂ ಇದನ್ನು ಕೇಳಿದ್ದು ಆಗಲೇ ಮೊದಲು.

ಅವ್ವ ಫೋನನ್ನು ನನ್ನ ಕೈಗೆ ಹಿಂದಿರುಗಿಸಿದಳು.

"ಆಗ ಯಾರಾರ ಕೇಳಿದ್ರ ಹೇಳ್ತಿದ್ದೆ," ಎಂದಳು. "ಈಗ ನನಗೂ ನೆಪ್ಪಿಲ್ಲ ನೋಡು."